ಕಂಬ ಕಲಿಸುವ ಅವರೋಹಣ

ಪೋಲ್ ಡಾನ್ಸ್ ಕಲಿಯಲು ಬಂದವರ ಕಣ್ಣು ಮೊದಲು ನೆಡುವುದು ಕಂಬದ ತುದಿಯ ಮೇಲೆ. ತಲೆಕೆಳಗಾಗಿ ತೂಗುವ ದೇಹ, ಎರಡೂ ಕೈ ಬಿಟ್ಟು ಮೊಣಕಾಲಿನ ಮಡಿಕೆಯೊಂದರಲ್ಲೇ ನಿಂತ ಭಂಗಿ, ಗಾಳಿಯಲ್ಲಿ ಚಾಚಿಕೊಂಡ ಕಾಲುಗಳು ಅವರನ್ನು ಅಲ್ಲಿಗೆ ಸೆಳೆದು ತಂದಿರುತ್ತವೆ. ಹಾಗಾಗಿ ಕಲಿಕೆಯ ಲೆಕ್ಕವೂ ಏರಿಕೆಯ ಲೆಕ್ಕವೇ ಆಗಿಬಿಡುತ್ತದೆ. ಈ ತಿಂಗಳು ಎಷ್ಟು ಹೊಸ ಪಟ್ಟುಗಳು ಬಂದವು, ಎಷ್ಟು ಎತ್ತರಕ್ಕೆ ಹೋಗಲಾಯಿತು, ತಲೆಕೆಳಗಾಗುವುದು ಯಾವಾಗ ಎಂಬುದೇ ಚಿಂತೆ. ಆ ಭಂಗಿಯಿಂದ ಕೆಳಗೆ ಬಂದದ್ದು ಹೇಗೆ ಎಂದು ಕೇಳುವವರು ಕಡಿಮೆ. ಜಾರಿ ಬಂದರೋ, ಧೊಪ್ಪೆಂದು ಬಿದ್ದರೋ, ಉಸಿರು ಬಿಗಿಹಿಡಿದು ಹೇಗೋ ನೆಲ ಮುಟ್ಟಿದರೋ, ಫೋಟೊದಲ್ಲಿ ಅದು ಕಾಣುವುದಿಲ್ಲ. ನನ್ನ ವಾದ ಇಷ್ಟೇ: ಕಂಬದ ಮೇಲಿನ ಕೌಶಲ ಬೆಳೆಯಬೇಕಿದ್ದರೆ ಅಭ್ಯಾಸವನ್ನು ಇಳಿಯುವ ಕಡೆಯಿಂದ ಕಟ್ಟಬೇಕು. ನಿಧಾನವಾಗಿ, ಎರಡೂ ಬದಿಯಿಂದ, ಬೇಕೆಂದಲ್ಲಿ ನಿಂತು ನಿಂತು ಇಳಿಯಬಲ್ಲವರಿಗೆ ಏರುವ ವಿದ್ಯೆ ತಡವಾಗಿಯಾದರೂ ಬಂದೇ ಬರುತ್ತದೆ. ಏರುವುದನ್ನಷ್ಟೇ ಕಲಿತವರ ಪ್ರಗತಿ ಒಂದು ಹಂತದಲ್ಲಿ ನಿಂತುಹೋಗುತ್ತದೆ, ಇಲ್ಲವೇ ಭುಜದ ನೋವಿನಲ್ಲಿ ಮುಗಿಯುತ್ತದೆ.

ಮೊದಲಿಗೆ ಈ ವಿದ್ಯೆಯ ಹಿನ್ನೆಲೆ. ಇಂದು ನಾವು ಪೋಲ್ ಡಾನ್ಸ್ ಎನ್ನುವುದು ಉತ್ತರ ಅಮೆರಿಕದ ರಾತ್ರಿ ಕ್ಲಬ್ಬುಗಳಲ್ಲಿ ಹೊಟ್ಟೆಪಾಡಿಗಾಗಿ ಕುಣಿಯುತ್ತಿದ್ದ ಹೆಣ್ಣುಮಕ್ಕಳ ಕೈಯಲ್ಲಿ ರೂಪುಗೊಂಡಿತು. ಎಷ್ಟೋ ತಿರುಗುಗಳನ್ನೂ ಹಿಡಿತಗಳನ್ನೂ ಕಂಡುಹಿಡಿದವರು ಅವರೇ. ಆ ಋಣವನ್ನು ಮರೆಯುವುದು ಸರಿಯಲ್ಲ. 1990ರ ದಶಕದಿಂದ ಅದು ವ್ಯಾಯಾಮದ ತರಗತಿಗಳಿಗೆ ಬಂತು, 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಒಕ್ಕೂಟ ಹುಟ್ಟಿತು, 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘಟನೆಯಿಂದ ವೀಕ್ಷಕ ಸ್ಥಾನಮಾನವೂ ಸಿಕ್ಕಿತು. ಸ್ಪರ್ಧೆಯ ವೇದಿಕೆಯಲ್ಲಿ ಸುಮಾರು 4 ಮೀಟರ್ ಎತ್ತರದ, 45 ಮಿಲಿಮೀಟರ್ ವ್ಯಾಸದ ಎರಡು ಲೋಹದ ಕಂಬಗಳಿರುತ್ತವೆ. ಒಂದು ಅಲುಗಾಡದೆ ನಿಂತಿರುತ್ತದೆ, ಇನ್ನೊಂದು ತನ್ನ ಅಚ್ಚಿನ ಮೇಲೆ ಸುತ್ತುತ್ತದೆ. ನಿಂತ ಕಂಬದ ಸುತ್ತ ದೇಹವೇ ತನ್ನ ಬಲದಿಂದ ತಿರುಗಬೇಕು. ಸುತ್ತುವ ಕಂಬದಲ್ಲಿ ವೇಗವನ್ನು ಪಳಗಿಸಬೇಕು: ಕೈಕಾಲು ಒಳಗೆಳೆದುಕೊಂಡರೆ ತಿರುಗಾಟ ಚುರುಕಾಗುತ್ತದೆ, ಚಾಚಿದರೆ ನಿಧಾನವಾಗುತ್ತದೆ. ಹೊಸಬರು ಭಯಗೊಂಡಾಗ ಸಹಜವಾಗಿ ಮುದುಡಿಕೊಳ್ಳುತ್ತಾರೆ, ಆಗಲೇ ವೇಗ ಇನ್ನಷ್ಟು ಏರಿ ತಲೆ ಸುತ್ತುತ್ತದೆ. ಭಯವಾದಾಗ ಕಾಲು ಚಾಚಬೇಕು ಎಂಬ ಈ ಸಣ್ಣ ಪಾಠದಲ್ಲೇ ಇಡೀ ವಿದ್ಯೆಯ ಸ್ವಭಾವ ಅಡಗಿದೆ. ಇಲ್ಲಿ ದೇಹದ ಮೊದಲ ಪ್ರವೃತ್ತಿಯನ್ನು ತಿದ್ದಿಕೊಳ್ಳದೆ ಮುಂದೆ ಹೋಗಲಾಗದು.

ಕಂಬದ ಮೇಲೆ ನಿಲ್ಲಿಸುವುದು ತೋಳಿನ ಬಲವೊಂದೇ ಎಂದುಕೊಂಡವರು ಬೇಗ ದಣಿಯುತ್ತಾರೆ. ನಿಜವಾಗಿ ಭಾರ ಹೊರುವುದು ಚರ್ಮಕ್ಕೂ ಲೋಹಕ್ಕೂ ನಡುವಿನ ಘರ್ಷಣೆ. ಆ ಘರ್ಷಣೆ ಎರಡು ಸಂಗತಿಗಳಿಂದ ಹೆಚ್ಚುತ್ತದೆ: ಮೇಲ್ಮೈಯ ಗುಣ ಮತ್ತು ಒತ್ತುವ ಬಲ. ಮೇಲ್ಮೈಯ ಗುಣಕ್ಕಾಗಿಯೇ ಅಭ್ಯಾಸದ ದಿನ ಮೈಗೆ ಎಣ್ಣೆ, ಕ್ರೀಮು ಹಚ್ಚಬಾರದು, ಉಂಗುರ ಬಳೆ ತೆಗೆದಿಡಬೇಕು, ಕಂಬವನ್ನು ಆಗಾಗ ಸ್ಪಿರಿಟ್ ಹಾಕಿ ಒರೆಸಬೇಕು, ಬೆವರುವ ಅಂಗೈಗೆ ಚಾಕ್ ಬಳಿಯಬೇಕು ಎನ್ನುತ್ತಾರೆ. ತುಂಡು ಬಟ್ಟೆ ತೊಡುವುದಕ್ಕೂ ಕಾರಣ ಇದೇ. ಒಳತೊಡೆ, ಮೊಣಕಾಲ ಹಿಂಬದಿ, ಸೊಂಟದ ಪಕ್ಕ, ಕಂಕುಳು ಇವೆಲ್ಲ ಇಲ್ಲಿ ಹಿಡಿಯುವ ಕೈಗಳೇ, ಬಟ್ಟೆ ಅಡ್ಡ ಬಂದರೆ ಜಾರುತ್ತದೆ. ಇನ್ನು ಒತ್ತುವ ಬಲವೆಂದರೆ ದೇಹವನ್ನು ಕಂಬದ ಎರಡು ಬದಿಯಿಂದ ಇಕ್ಕಳದಂತೆ ಬಿಗಿಯುವ ಜಾಣ್ಮೆ. ಪೋಲ್ ಸಿಟ್ ಎಂಬ ಮೊದಲ ಪಾಠದಲ್ಲಿ ತೊಡೆಗಳ ನಡುವೆ ಕಂಬ ಕಚ್ಚಿ ಕೂರುವಾಗ ಚರ್ಮ ಉರಿಯುತ್ತದೆ, ಕೆಲವೊಮ್ಮೆ ಕಂದುಗಟ್ಟುತ್ತದೆ. ಕೆಲವು ವಾರಗಳಲ್ಲಿ ಚರ್ಮ ಒಗ್ಗಿಕೊಳ್ಳುತ್ತದೆ. ಆದರೆ ಕೀಲಿನೊಳಗೆ ಚುಚ್ಚುವ ನೋವು ಬೇರೆ ಜಾತಿಯದು. ಚರ್ಮದ ಉರಿಯನ್ನು ತಾಳಿಕೊಳ್ಳಬಹುದು, ಕೀಲಿನ ನೋವು ಬಂದ ಕ್ಷಣ ನಿಲ್ಲಿಸಬೇಕು. ಈ ವ್ಯತ್ಯಾಸ ತಿಳಿದವರು ಅರ್ಧ ಕಲಿತಂತೆ.

ಕೀಲುಗಳಲ್ಲಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುವುದು ಭುಜ. ಪೋಲ್ ಕಲಿಯುವವರ ಗಾಯಗಳನ್ನು ಗಮನಿಸಿದವರ ಪಟ್ಟಿಯಲ್ಲಿ ಅದು ಮೇಲ್ಸಾಲಿನಲ್ಲೇ ಇರುತ್ತದೆ. ತೊಡೆಯ ಮೂಳೆ ಸೊಂಟದ ಆಳವಾದ ಬಟ್ಟಲಲ್ಲಿ ಕೂತಿದೆ. ತೋಳಿನ ಮೂಳೆಗೆ ಸಿಕ್ಕಿರುವುದು ತಟ್ಟೆಯಂಥ ಆಳವಿಲ್ಲದ ಆಸರೆ. ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲದು ಎಂಬ ಸೌಲಭ್ಯಕ್ಕೆ ನಾವು ತೆರುವ ಬೆಲೆ ಅದು. ಮೂಳೆಯನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಸಣ್ಣ ಸ್ನಾಯುಗಳು ಮತ್ತು ಹೆಗಲ ಮೂಳೆಯನ್ನು ಬೆನ್ನಿಗೆ ಬಿಗಿಯುವ ದೊಡ್ಡ ಸ್ನಾಯುಗಳು. ಕಂಬ ಹಿಡಿದು ಸುಮ್ಮನೆ ಜೋತುಬಿದ್ದರೆ ಹೆಗಲು ಕಿವಿಯ ಬಳಿಗೆ ಏರಿ, ಭಾರವೆಲ್ಲ ಸ್ನಾಯುಗಳನ್ನು ತಪ್ಪಿಸಿ ಕೀಲಿನ ಕಟ್ಟುಗಳ ಮೇಲೆ ಬೀಳುತ್ತದೆ. ಅದಕ್ಕೇ ಒಳ್ಳೆಯ ಶಿಕ್ಷಕರು ಮೊದಲ ತರಗತಿಯಿಂದ ಹೆಗಲು ಕೆಳಗೆ ಎಂದು ಹೇಳುತ್ತಲೇ ಇರುತ್ತಾರೆ. ಮೇಲಿನ ಕೈ ಎಳೆಯಬೇಕು, ಕೆಳಗಿನ ಕೈ ತಳ್ಳಬೇಕು, ಹೆಗಲು ಬೆನ್ನಿನ ಕಡೆಗೆ ಇಳಿದಿರಬೇಕು. ಫೈರ್‌ಮನ್ ಸ್ಪಿನ್‌ನಂಥ ಸರಳ ತಿರುಗಿನಲ್ಲಿ ಇದನ್ನು ಮೈಗೂಡಿಸಿಕೊಳ್ಳದೆ ತೋಳನ್ನು ಒಳಕ್ಕೆ ತಿರುಚಿ ಹಿಡಿಯುವ ಟ್ವಿಸ್ಟೆಡ್ ಗ್ರಿಪ್ ಪಟ್ಟುಗಳಿಗೆ ಜಿಗಿದವರು ತಳಪಾಯವಿಲ್ಲದ ಮನೆಗೆ ಮಹಡಿ ಏರಿಸಿದಂತೆ.

ಹೆಗಲಿಗೆ ಆ ಬಲ ಬರುವುದು ಹೇಗೆ? ನನ್ನ ವಾದದ ನಡುಗಂಬ ಇಲ್ಲಿದೆ. ಭಾರ ಎತ್ತುವಾಗ ಸ್ನಾಯು ಕುಗ್ಗುತ್ತದೆ. ಅದೇ ಭಾರವನ್ನು ತಡೆತಡೆದು ಇಳಿಸುವಾಗ ಅದು ಬಿಗಿಯಾಗಿದ್ದುಕೊಂಡೇ ಹಿಗ್ಗುತ್ತದೆ. ಹಿಗ್ಗುತ್ತ ತಡೆಯುವ ಸ್ನಾಯು ಕುಗ್ಗುತ್ತ ಎತ್ತುವ ಸ್ನಾಯುವಿಗಿಂತ ಹೆಚ್ಚು ಭಾರ ತಾಳಬಲ್ಲದು, ಶಕ್ತಿಯ ಖರ್ಚೂ ಕಡಿಮೆ. 1952ರಲ್ಲಿ ಇಂಗ್ಲೆಂಡಿನ ಅಬಾಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ವಿಜ್ಞಾನಿಗಳು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ತಮ್ಮ ಪೆಡಲನ್ನು ತಡೆಯುತ್ತ ಹೋಗಬೇಕು. ಇಬ್ಬರ ಕಾಲಿನ ಮೇಲೂ ಬೀಳುವ ಬಲ ಒಂದೇ. ಆದರೂ ತುಳಿಯುವವರಿಗಿಂತ ತಡೆಯುವವರು ಬಳಸಿದ ಆಮ್ಲಜನಕ ಬಹಳ ಕಡಿಮೆ ಎಂದು ಅಳತೆ ತೋರಿಸಿತು. ಈ ಯಂತ್ರದ ಪ್ರದರ್ಶನದಲ್ಲಿ ತಡೆಯುವ ಸೈಕಲ್ಲಿನ ಮೇಲೆ ಕೂತ ಸಣ್ಣ ಮೈಕಟ್ಟಿನ ಹೆಂಗಸು ದೊಡ್ಡ ಮೈಕಟ್ಟಿನ ಗಂಡಸನ್ನು ಸುಸ್ತು ಮಾಡಿದ ಸಂಗತಿ ಶರೀರಶಾಸ್ತ್ರದಲ್ಲಿ ಹೆಸರಾಗಿದೆ. ಕಂಬದ ಮುಂದೆ ನಿಂತ ಹೊಸಬರಿಗೆ ಇದರ ಅರ್ಥ ಸ್ಪಷ್ಟ. ಮೈಯನ್ನು ಮೇಲೆತ್ತುವ ಬಲ ಇನ್ನೂ ಬಂದಿಲ್ಲದಿದ್ದರೂ ತಡೆದು ಇಳಿಸುವ ಬಲ ಆಗಲೇ ನಿಮ್ಮಲ್ಲಿದೆ. ಏರುವ ಬಲವನ್ನು ಅದರಿಂದಲೇ ಬೆಳೆಸಿಕೊಳ್ಳಬಹುದು.

ಅದರ ಕ್ರಮ ಕಷ್ಟದ್ದೇನಲ್ಲ. ತಲೆಕೆಳಗಾಗುವ ಇನ್ವರ್ಟ್ ಪಟ್ಟನ್ನೇ ತೆಗೆದುಕೊಳ್ಳಿ. ಬಹಳ ಮಂದಿ ನೆಲದಿಂದ ಕಾಲು ಝಾಡಿಸಿ ಒದ್ದು, ಆ ವೇಗದಲ್ಲಿ ಸೊಂಟವನ್ನು ಮೇಲಕ್ಕೆಸೆದು ಒಮ್ಮೆ ತಲೆಕೆಳಗಾದರೆ ಪಟ್ಟು ಬಂತೆಂದು ಭಾವಿಸುತ್ತಾರೆ. ಬಂದದ್ದು ಒದೆತ ಮಾತ್ರ. ಅದರ ಬದಲು ಶಿಕ್ಷಕರ ಆಸರೆಯಲ್ಲಿ ಮೇಲೆ ಹೋಗಿ, ಕಾಲುಗಳನ್ನು ವಿ ಆಕಾರದಲ್ಲಿ ತೆರೆದ ಚಾಪರ್ ಭಂಗಿಯಲ್ಲಿ ನಿಂತು, ಅಲ್ಲಿಂದ ಐದಾರು ಎಣಿಕೆಯವರೆಗೆ ಮೈಯನ್ನು ತಡೆಯುತ್ತ ನೆಲಕ್ಕೆ ತಂದರೆ ಹೊಟ್ಟೆ, ಬೆನ್ನು, ಹೆಗಲು ಮೂರೂ ಕೆಲಸ ಮಾಡುತ್ತವೆ. ದಿನಕ್ಕೆ ಇಂಥ ಮೂರು ನಾಲ್ಕು ಇಳಿತಗಳು ಸಾಕು. ತಡೆದು ಇಳಿಯುವ ವ್ಯಾಯಾಮದಿಂದ ಮಾರನೆಯ ದಿನವೂ ಅದರಾಚೆಗೂ ಮೈಕೈ ನೋವು ಹೆಚ್ಚಾಗಿ ಬರುವುದರಿಂದ ಅತಿ ಮಾಡಬಾರದು. ಕಂಬ ಏರುವುದಕ್ಕೂ ಇದೇ ಮಾತು. ಎರಡು ಹೆಜ್ಜೆ ಏರಿ, ಜಾರದೆ ಅದೇ ಎರಡು ಹೆಜ್ಜೆಯನ್ನು ಎಣಿಸಿ ಇಳಿಯಬೇಕು. ಇಳಿಯುವಾಗ ಎಲ್ಲಿ ಬೇಕಾದರೂ ನಿಲ್ಲಬಲ್ಲೆ ಎಂಬ ಧೈರ್ಯ ಬಂದ ದಿನ ಮೂರನೆಯ ಹೆಜ್ಜೆ. ಅಡಿಕೆ ತೋಟದಲ್ಲಿ ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತುವವರ ಕಸುಬನ್ನು ಮನೆಯವರು ಅಳೆಯುವುದೂ ಹೀಗೆಯೇ: ಕೊನೆ ಕೊಯ್ದದ್ದಷ್ಟೇ ಸಾಲದು, ಮನುಷ್ಯ ಕ್ಷೇಮವಾಗಿ ಕೆಳಗೆ ಬರಬೇಕು.

ಸಂಗೀತ ಕಲಿತ ಕನ್ನಡಿಗರಿಗೆ ಈ ಮಾತು ಹೊಸದಾಗಿ ಕೇಳಬಾರದು. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬುವ ಪಾಠಕ್ರಮದಲ್ಲಿ ಸರಳೆ ವರಸೆಯ ಮೊದಲ ದಿನವೇ ಮಗು ಸ್ವರ ಏರಿ ಅದೇ ಮೆಟ್ಟಿಲುಗಳಲ್ಲಿ ಇಳಿದು ಬರುತ್ತದೆ. ಆರೋಹಣವಷ್ಟೇ ಗೊತ್ತಿರುವ ರಾಗ ಯಾರಿಗೂ ಗೊತ್ತಿಲ್ಲದ ರಾಗ. ಅವರೋಹಣ ಬೇರೆಯಾದರೆ ರಾಗವೇ ಬೇರೆಯಾಗುತ್ತದೆ. ಆ ಕ್ರಮದಲ್ಲಿ ಇನ್ನೊಂದು ಬುದ್ಧಿವಂತಿಕೆಯೂ ಇದೆ: ಒಂದೇ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಿಸುವುದು. ವೇಗ ಮುಚ್ಚಿಡುವ ತಪ್ಪುಗಳನ್ನು ವಿಳಂಬ ಬಯಲಿಗೆಳೆಯುತ್ತದೆ. ಕಂಬದಲ್ಲೂ ಒಂದು ತಿರುಗನ್ನು ಅರ್ಧ ವೇಗದಲ್ಲಿ ಮಾಡಿಸಿದರೆ ಎಲ್ಲಿ ಕೈ ಸಡಿಲವಾಯಿತು, ಎಲ್ಲಿ ಕಾಲು ಮಡಚಿತು, ಎಲ್ಲಿ ಉಸಿರು ನಿಂತಿತು ಎಂಬುದು ತಾನೇ ಗೋಚರವಾಗುತ್ತದೆ.

ಹಾಗಾದರೆ ಒಂದೇ ಪಟ್ಟನ್ನು ನೂರು ಸಲ ಮಾಡುತ್ತ ಕೂರಬೇಕೇ? ಅದೂ ಸರಿಯಲ್ಲ. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಯ ಮೂರು ಚಲನೆಗಳನ್ನು ಎರಡು ಗುಂಪಿನವರಿಗೆ ಕಲಿಸಿದರು. ಒಂದು ಗುಂಪು ಮೊದಲ ಚಲನೆಯನ್ನು ಮುಗಿಸಿ ಎರಡನೆಯದಕ್ಕೆ, ಅದನ್ನು ಮುಗಿಸಿ ಮೂರನೆಯದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿಕೊಂಡು ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕು. ದಿನಗಳು ಕಳೆದ ಮೇಲೆ ಪರೀಕ್ಷಿಸಿದರೆ ಕಲಸಿಕೊಂಡು ಕಲಿತವರು ಮುಂದಿದ್ದರು. ಒಂದನ್ನೇ ಮತ್ತೆ ಮತ್ತೆ ಮಾಡುವಾಗ ಮೈ ಹಿಂದಿನ ಸಲದ ನೆನಪಿನ ಮೇಲೆ ಓಡುತ್ತದೆ. ಬದಲಾಯಿಸಿ ಮಾಡಿದಾಗ ಪ್ರತಿ ಸಲವೂ ಮೊದಲಿಂದ ಕಟ್ಟಿಕೊಳ್ಳಬೇಕಾಗುತ್ತದೆ, ಕಟ್ಟಿಕೊಂಡದ್ದು ಉಳಿಯುತ್ತದೆ. ಈ ಪ್ರಯೋಗ ನಡೆದದ್ದು ಮೇಜಿನ ಮುಂದೆ, ನಾಲ್ಕು ಮೀಟರ್ ಎತ್ತರದಲ್ಲಿ ಯಾರೂ ತೂಗುತ್ತಿರಲಿಲ್ಲ ಎಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ. ಬೀಳುವ ಅಪಾಯವಿರುವ ಹೊಸ ಪಟ್ಟನ್ನು ಭದ್ರವಾಗುವವರೆಗೆ ಒಂದೇ ಸಮನೆ, ಆಸರೆಯೊಂದಿಗೆ ಕಲಿಯುವುದೇ ಸರಿ. ಭದ್ರವಾದ ಮೇಲೆ ಮಾತ್ರ ಅದನ್ನು ಒಂದು ಏರಿಕೆ, ಒಂದು ತಿರುಗು, ಒಂದು ಇಳಿತದ ನಡುವೆ ಬೆರೆಸಬೇಕು. ಆಗ ಪಟ್ಟಿಗೆ ಹಿಂದು ಮುಂದು ಬರುತ್ತದೆ, ಅದು ನೃತ್ಯದ ಭಾಗವಾಗುತ್ತದೆ.

ಎರಡೂ ಬದಿಯ ಅಭ್ಯಾಸವನ್ನು ಬಿಡುವವರು ಬಹಳ. ಬಲಗೈಯವರು ಬಲಗೈ ಮೇಲಿಟ್ಟೇ ಏರುತ್ತಾರೆ, ಎಡಬದಿ ಚೆಂದ ಕಾಣದೆಂದು ಕೈಬಿಡುತ್ತಾರೆ. ಕಾಲ ಕಳೆದಂತೆ ಒಂದು ಭುಜ ಸವೆಯುತ್ತದೆ, ಇನ್ನೊಂದು ಸೊರಗುತ್ತದೆ. 1894ರಷ್ಟು ಹಿಂದೆಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಮತ್ತು ಅವರ ಜೊತೆಗಾರರು ಒಂದು ಕೈಗೆ ಕೊಟ್ಟ ತರಬೇತಿಯಿಂದ ಇನ್ನೊಂದು ಕೈಗೂ ಬಲ ಮತ್ತು ಹದ ಬರುವುದನ್ನು ದಾಖಲಿಸಿದ್ದರು. ದುರ್ಬಲ ಬದಿಯ ಅಭ್ಯಾಸ ವ್ಯರ್ಥವಲ್ಲ, ಬಲವಾದ ಬದಿಗೂ ಅದರ ಲಾಭದಲ್ಲಿ ಪಾಲಿದೆ. ಇದರ ಜೊತೆಗೆ ವಿಶ್ರಾಂತಿಯನ್ನೂ ಅಭ್ಯಾಸವೆಂದೇ ಎಣಿಸಬೇಕು. ಸ್ನಾಯು ವಾರಗಳಲ್ಲಿ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಎರಡು ಮೂರು ತಿಂಗಳ ಹುಮ್ಮಸ್ಸಿನಲ್ಲಿ ದಿನಾ ಕಂಬ ಹಿಡಿದವರ ಮೊಣಕೈ, ಮಣಿಕಟ್ಟು ನೋಯತೊಡಗುವುದು ಈ ಅಂತರದಿಂದಲೇ. ಆರಂಭದಲ್ಲಿ ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಬಿಡುವು, ರಾತ್ರಿ ತುಂಬು ನಿದ್ದೆ ಇದ್ದರೆ ಕಲಿಕೆಗೆ ಏನೂ ಕೊರತೆಯಾಗದು. 2002ರಲ್ಲಿ ವಾಕರ್ ಮತ್ತು ಸಂಗಡಿಗರು ಬೆರಳ ಚಲನೆಯ ಕ್ರಮವೊಂದನ್ನು ಕಲಿತವರು ಒಂದು ರಾತ್ರಿಯ ನಿದ್ದೆಯ ನಂತರ, ಮತ್ತೇನೂ ಅಭ್ಯಾಸ ಮಾಡದೆ, ಸುಮಾರು ಶೇ 20ರಷ್ಟು ಚುರುಕಾಗಿದ್ದನ್ನು ಕಂಡರು. ಎಚ್ಚರದಲ್ಲಿ ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಗಟ್ಟಿ ಮಾಡುತ್ತದೆ.

ಈ ವಿಜ್ಞಾನ ಬರುವ ಮುಂಚೆಯೇ ಕಂಬದ ಮೇಲೆ ಸಾಮು ಮಾಡಿದವರು ನಮ್ಮಲ್ಲಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಭಾಗದಲ್ಲಿ ಜಟ್ಟಿಗಳು ಕಂಬದ ಮೇಲೆ ಮಾಡುವ ಅಭ್ಯಾಸದ ವಿವರವಿದೆ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. 19ನೆಯ ಶತಮಾನದ ಆರಂಭದಲ್ಲಿ ಎರಡನೆಯ ಬಾಜಿರಾಯ ಪೇಶ್ವೆಯ ಆಸ್ಥಾನದ ಬಾಳಂಭಟ್ಟ ದಾದಾ ದೇವಧರ ಮಲ್ಲಕಂಬವೆಂಬ ಈ ಸಾಮಿಗೆ ಮರುಜೀವ ಕೊಟ್ಟರು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ತಂಡ ಅದನ್ನು ಪ್ರದರ್ಶಿಸಿತು. ಇಂದು ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಊರುಗಳಲ್ಲಿ ಮಕ್ಕಳು ಮಲ್ಲಕಂಬ ಕಲಿಯುತ್ತಾರೆ. ನೆಲದಿಂದ ಸುಮಾರು ಎರಡೂವರೆ ಮೀಟರ್ ಮೇಲೆದ್ದು, ತುದಿಯತ್ತ ಸಪೂರಾಗುವ ಮರದ ಕಂಬಕ್ಕೆ ಹರಳೆಣ್ಣೆ ಸವರಿರುತ್ತಾರೆ. ಅಲ್ಲಿ ಮೊದಲು ಕಲಿಸುವ ಮೂಲ ಪಟ್ಟು ಅಢಿ: ಕೈಯಲ್ಲಿ ಕಂಬ ತಬ್ಬಿ, ಮೈ ತಲೆಕೆಳಗು ಮಾಡಿ, ತೊಡೆಗಳಲ್ಲಿ ಕಂಬವನ್ನು ಅವುಚಿ, ಮತ್ತೆ ಹದವಾಗಿ ನೆಲಕ್ಕೆ ಬರುವುದು. ಮುಂದಿನ ಪಟ್ಟುಗಳೆಲ್ಲ ಅದರ ಮೇಲೆಯೇ ನಿಲ್ಲುವುದರಿಂದ ಪಳಗಿದವರೂ ಅದನ್ನು ಬಿಡುವುದಿಲ್ಲ. ಸ್ಪರ್ಧೆಯಲ್ಲೂ ಏರುವ ಬಗೆಯಂತೆ ಇಳಿಯುವ ಬಗೆಯನ್ನೂ ನೋಡುತ್ತಾರೆ.

ಮಲ್ಲಕಂಬವೇ ಪೋಲ್ ಡಾನ್ಸಿನ ತಾಯಿ ಎಂದು ಹೇಳಿಬಿಡುವ ಆಸೆ ಇಲ್ಲಿ ಹುಟ್ಟಬಹುದು. ಅದಕ್ಕೆ ಆಧಾರವಿಲ್ಲ, ಅಂಥ ವಂಶಾವಳಿಯ ಅಗತ್ಯವೂ ಇಲ್ಲ. ಒಂದು ಗರಡಿಯಲ್ಲಿ ಹುಟ್ಟಿತು, ಇನ್ನೊಂದು ಕ್ಲಬ್ಬಿನಲ್ಲಿ. ಒಂದಕ್ಕೆ ಎಣ್ಣೆ ಬೇಕು, ಇನ್ನೊಂದಕ್ಕೆ ಎಣ್ಣೆಯ ಸೋಂಕೂ ಆಗದು. ಆದರೂ ಎರಡು ದಾರಿಗಳೂ ಒಂದೇ ತಿಳಿವಿಗೆ ಬಂದು ಮುಟ್ಟಿರುವುದು ನನಗೆ ದೊಡ್ಡ ಸಾಕ್ಷ್ಯವಾಗಿ ಕಾಣುತ್ತದೆ. ಪೋಲ್ ಡಾನ್ಸ್ ನಮ್ಮ ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಲಂಗೋಟಿ ಕಟ್ಟಿ ಮಲ್ಲಕಂಬ ಏರುವ ಹುಡುಗನ ಮೈಯಲ್ಲಿ ನಾವು ಶ್ರಮವನ್ನು ನೋಡುತ್ತೇವೆ. ಅದೇ ಕಾರಣಕ್ಕೆ ಅಷ್ಟೇ ಬಟ್ಟೆ ತೊಟ್ಟ ಹೆಣ್ಣಿನ ಮೈಯಲ್ಲಿ ಬೇರೇನನ್ನೋ ನೋಡಿದರೆ ದೋಷ ಕಂಬದ್ದಲ್ಲ. ಮಲ್ಲಕಂಬ ಮತ್ತು ಹಗ್ಗದ ಮೇಲೆ ಹುಡುಗಿಯರು ಇಂದು ಸ್ಪರ್ಧಿಸುತ್ತಿದ್ದಾರೆ, 2021ರ ಖೇಲೋ ಇಂಡಿಯಾ ಯುವ ಕ್ರೀಡಾಕೂಟದ ಪಟ್ಟಿಯಲ್ಲೂ ಆ ಕ್ರೀಡೆಗೆ ಜಾಗ ಸಿಕ್ಕಿದೆ. ಯಾವ ಕಂಬವನ್ನು ಆರಿಸಿಕೊಳ್ಳಬೇಕೆಂಬುದು ಕಲಿಯುವವರ ಇಷ್ಟ. ಇಷ್ಟಪಟ್ಟದ್ದನ್ನು ಸರಿಯಾಗಿ ಕಲಿಯುವ ಅವಕಾಶ ಅವರ ಹಕ್ಕು.

ಉಳಿದ ಎರಡು ಆಕ್ಷೇಪಗಳು ಕಲಿಯುವವರಿಂದಲೇ ಬರುತ್ತವೆ. ತೋಳಲ್ಲಿ ಬಲವಿಲ್ಲ, ವಯಸ್ಸು ನಲವತ್ತು ದಾಟಿದೆ ಎಂಬುದು ಮೊದಲನೆಯದು. ಬಲ ಬಂದ ಮೇಲೆ ಕಂಬಕ್ಕೆ ಬರುತ್ತೇನೆ ಎನ್ನುವುದು ಈಜು ಕಲಿತ ಮೇಲೆ ನೀರಿಗಿಳಿಯುತ್ತೇನೆ ಎಂದಂತೆ. ತಡೆದು ಇಳಿಯುವ ಅಭ್ಯಾಸ ಇಂಥವರಿಗೇ ಹೇಳಿ ಮಾಡಿಸಿದ್ದು. ಹಳೆಯ ಗಾಯ, ರಕ್ತದೊತ್ತಡ, ಕಣ್ಣಿನ ಒತ್ತಡದಂಥ ತೊಂದರೆ ಇದ್ದವರು ತಲೆಕೆಳಗಾಗುವ ಮುನ್ನ ವೈದ್ಯರನ್ನು ಕೇಳಬೇಕು, ಅಷ್ಟೇ. ಎರಡನೆಯದು, ಎಣಿಸಿ ಇಳಿಯುವ ಈ ಶಿಸ್ತಿನಲ್ಲಿ ನೃತ್ಯದ ಜೀವ ಎಲ್ಲಿ ಎಂಬ ಪ್ರಶ್ನೆ. ನೃತ್ಯ ಇರುವುದೇ ಒಂದು ಭಂಗಿಗೂ ಇನ್ನೊಂದಕ್ಕೂ ನಡುವಿನ ದಾರಿಯಲ್ಲಿ. ಮೇಲೆ ಐಶಾದಂಥ ಕಠಿಣ ಭಂಗಿ ಹಿಡಿದು, ಆಮೇಲೆ ಚೀಲದಂತೆ ಕೆಳಗೆ ಜಾರಿದರೆ ಹಾಡು ಅಲ್ಲಿಗೇ ತುಂಡಾಗುತ್ತದೆ. ಯಾವ ತಾಳಕ್ಕೆ ಬೇಕೋ ಆ ತಾಳಕ್ಕೆ ಇಳಿಯಬಲ್ಲ ಕಲಾವಿದೆಗೆ ಮಾತ್ರ ಸಂಗೀತದ ಜೊತೆ ಮಾತಾಡುವ ಸ್ವಾತಂತ್ರ್ಯವಿದೆ. ಮೇಲಿಂದ ಸರ್ರನೆ ಬಂದು ನೆಲಕ್ಕೆ ಗೇಣು ಮೊದಲು ನಿಲ್ಲುವ ಡ್ರಾಪ್ ನೋಡುವವರ ಎದೆ ಝಲ್ಲೆನಿಸುತ್ತದೆ. ಆ ರೋಮಾಂಚನವೂ ತಡೆಯುವ ಬಲದ ಕೊಡುಗೆಯೇ.

ಹಾಗಾಗಿ ಅಭ್ಯಾಸದ ಪುಸ್ತಕದಲ್ಲಿ ಬರೆದಿಡುವ ಲೆಕ್ಕ ಬದಲಾಗಲಿ ಎಂಬುದು ನನ್ನ ಕಳಕಳಿ. ವಿಡಿಯೊ ನೋಡಿಕೊಂಡು ಒಬ್ಬರೇ ಮನೆಯಲ್ಲಿ ಹೊಸ ಪಟ್ಟು ಪ್ರಯತ್ನಿಸುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಆ ವಿಡಿಯೊಗಳು ಏರುವುದನ್ನು ತೋರಿಸಿ ಭಂಗಿಯಲ್ಲಿ ಮುಗಿದುಬಿಡುತ್ತವೆ. ಕೆಳಗೆ ದಪ್ಪ ಮ್ಯಾಟ್, ಪಕ್ಕದಲ್ಲಿ ಆಸರೆ ಕೊಡಬಲ್ಲ ತಿಳಿದವರು, ಅಲುಗಾಡದಂತೆ ಬಿಗಿದು ಪರೀಕ್ಷಿಸಿದ ಕಂಬ, ಈ ಮೂರಿಲ್ಲದೆ ತಲೆಕೆಳಗಾಗಬಾರದು. ಇಳಿಯುವ ದಾರಿ ಗೊತ್ತಿಲ್ಲದ ಪಟ್ಟನ್ನು ಏರಲೂಬಾರದು. ಅಟ್ಟ ಹತ್ತಿ ಏಣಿ ಒದೆಯಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಕಂಬದಲ್ಲಿ ಏಣಿಯೂ ನಮ್ಮ ಮೈಯೇ, ಹೆಗಲು ತೊಡೆ ಬೆನ್ನುಗಳೇ ಅದರ ಮೆಟ್ಟಿಲು. ಪ್ರತಿದಿನ ಒಂದೊಂದೇ ಮೆಟ್ಟಿಲನ್ನು ಭದ್ರ ಮಾಡುತ್ತ ಇಳಿದವರಿಗೆ ಮಾರನೆಯ ದಿನ ಏರಲು ಏಣಿ ಅಲ್ಲೇ ಇರುತ್ತದೆ.